ಒಂದೇ ಊರಿನಲ್ಲಿ 25 ಜಾರ್ಜ್ ಕೌವಿಗಳು: ಇವರಲ್ಲಿ ನಮ್ಮವನು ಯಾರು?

ಓದುಗರ ಪ್ರಶ್ನೆ: "ನಾನು ಉಡುಪಿ ಕಡೆಯ ಮೊಗವೀರ ಕುಟುಂಬದವನು, ಈಗ ಅಬರ್ಡೀನ್‌ನಲ್ಲಿ ಕೆಲಸ. ಹೆಂಡತಿಯ ತಾಯಿಯ ಕಡೆಯವರು ಈಶಾನ್ಯ ಸ್ಕಾಟ್ಲೆಂಡಿನ ಬಕ್ಕಿ ಎಂಬ ಊರಿನ ಮೀನುಗಾರರು. ಮಗಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಯುತ್ತಿದ್ದೇನೆ. ಆ ಕಡೆಯ ಹಿರಿಯ ಜಾರ್ಜ್ ಕೌವಿಯ 1884ರ ಮದುವೆ ದಾಖಲೆಯಲ್ಲಿ ಹೆಸರಿನ ಮುಂದೆ ಆವರಣ ಚಿಹ್ನೆಯೊಳಗೆ ‘ಬೋ’ ಎಂದಿದೆ. 1920ರ ಮರಣ ದಾಖಲೆಯಲ್ಲಿ ‘ಬೋ’ ಇಲ್ಲ, ‘ಶೇವಿ’ ಇದೆ. ಅಂತರ್ಜಾಲದಲ್ಲಿ ಯಾರೋ ಹಾಕಿದ ವಂಶವೃಕ್ಷ, ಟೀ-ನೇಮ್ (ಅಲ್ಲಿ ಇಂಥ ಅಡ್ಡಹೆಸರಿಗೆ ಹಾಗೆನ್ನುತ್ತಾರೆ) ಒಂದೇ ಆಗಿದೆ ಎಂಬ ಕಾರಣಕ್ಕೆ ಇವನನ್ನು ಇನ್ನೊಬ್ಬ ‘ಬೋ’ ಕೌವಿಯ ಮಗನೆಂದು ತೋರಿಸುತ್ತಿದೆ. ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ‘ಬಳಿ’ ಇರುವ ಹಾಗೆ ಇದೂ ಕುಲದ ಗುರುತೇ? ಅತ್ತೆಯ ಕಡೆಯ ಹಿರಿಯರೊಬ್ಬರು ‘ಅದು ಅಣಕದ ಹೆಸರು, ಕೆದಕಬೇಡಿ’ ಅನ್ನುತ್ತಾರೆ. ಹೆಂಡತಿಗೆ ಮಾತ್ರ ಆ ಹೆಸರನ್ನು ಮನೆಯವರ ಸಮಾಧಿಕಲ್ಲಿನ ಮೇಲೂ ಹುಟ್ಟಲಿರುವ ಎರಡನೇ ಮಗುವಿನ ಹೆಸರಿನಲ್ಲೂ ಸೇರಿಸುವ ಆಸೆ. ಏನು ಮಾಡಲಿ?"

(ಗುರುತು ಸಿಗದಂತೆ ಹೆಸರು, ಟೀ-ನೇಮ್ ಮತ್ತು ವರ್ಷಗಳನ್ನು ಬದಲಿಸಿದೆ.)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. 1884ರ ಜಾರ್ಜ್, 1920ರ ಜಾರ್ಜ್ ಇಬ್ಬರೂ ಒಬ್ಬನೇ ಮನುಷ್ಯನೇ, ‘ಬೋ’ ಅಂದರೆ ಒಂದೇ ರಕ್ತವೇ, ಆ ಹೆಸರನ್ನು ಇವತ್ತು ಬಳಸಬಹುದೇ. ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಉಳಿದೆರಡೂ ಅದರ ಮೇಲೆ ನಿಂತಿವೆ. ಟೀ-ನೇಮ್ ಕುಲದ ಗುರುತಲ್ಲ. ಒಂದು ಕಾಲದಲ್ಲಿ ಒಂದು ಮನೆಯನ್ನು ಪಕ್ಕದ ಮನೆಯಿಂದ ಬೇರೆ ಮಾಡಿ ತೋರಿಸಲು ಇಟ್ಟ ಗುರುತು, ಅಷ್ಟೇ. ಹಾಗಾಗಿ ಇಬ್ಬರು ಜಾರ್ಜ್ ಕೌವಿಗಳನ್ನು ಬೇರೆ ಮಾಡಲು ಅದನ್ನು ಬಳಸಿ. ಇಬ್ಬರನ್ನು ತಂದೆ–ಮಗ ಎಂದು ಜೋಡಿಸಲು ಬಳಸಬೇಡಿ. ನೀವು ನೋಡಿದ ವಂಶವೃಕ್ಷ ಮಾಡಿದ ತಪ್ಪು ಇದೇ.

ಬಳಿಯ ಜೊತೆ ಹೋಲಿಸಿ ನೋಡುವ ಆಸೆ ಸಹಜ. ಆದರೆ ಬಳಿ ತಾಯಿಯಿಂದ ಮಕ್ಕಳಿಗೆ ತಪ್ಪದೆ ಬರುತ್ತದೆ, ಒಂದೇ ಬಳಿಯೊಳಗೆ ಮದುವೆ ಇಲ್ಲ. ಟೀ-ನೇಮ್‌ಗೆ ಈ ಎರಡೂ ಕಟ್ಟುಪಾಡಿಲ್ಲ. ಒಂದೇ ಟೀ-ನೇಮ್ ಇದ್ದವರು ಮದುವೆಯಾಗಬಹುದಿತ್ತು. ಅಣ್ಣತಮ್ಮಂದಿರಿಗೆ ಬೇರೆ ಬೇರೆ ಟೀ-ನೇಮ್ ಇರಬಹುದಿತ್ತು. ನಿಮ್ಮೂರಿನ ಮನೆ ಹೆಸರಿನಂತೆ ಜಾಗಕ್ಕೆ ಅಂಟಿಕೊಂಡದ್ದೂ ಅಲ್ಲ. ಮನುಷ್ಯ ಮನೆ ಬದಲಿಸಿದರೆ ಅದು ಅವನ ಹಿಂದೆಯೇ ಹೋಗಬಹುದು, ಅಥವಾ ಹೊಸ ಊರಿನಲ್ಲಿ ಹೊಸದು ಹುಟ್ಟಿಕೊಳ್ಳಬಹುದು.

ಇಂಥ ಹೆಸರು ಯಾಕೆ ಬೇಕಾಯಿತು ಎನ್ನುವುದು ತಿಳಿದರೆ ದಾಖಲೆ ಓದುವ ರೀತಿಯೇ ಬದಲಾಗುತ್ತದೆ. ಮೋರೆ ಫರ್ತ್ ಕೊಲ್ಲಿಯ ದಕ್ಷಿಣ ದಡದ ಮೀನುಗಾರ ಊರುಗಳಲ್ಲಿ ಹಲವು ತಾವಾಗಿ ಬೆಳೆದವಲ್ಲ, ಜಮೀನುದಾರರು ಕೂರಿಸಿದವು. 1677ರಲ್ಲಿ ಪೋರ್ಟ್‌ನಾಕಿ ಶುರುವಾದದ್ದು ಪಕ್ಕದ ಕಲನ್‌ನಿಂದ ಬಂದವರಿಂದ. 1716ರಲ್ಲಿ ಫಿಂಡಾಕ್ಟಿಗೆ ಫ್ರೇಜರ್‌ಬರೋದಿಂದ 13 ಗಂಡಸರನ್ನೂ 4 ಹುಡುಗರನ್ನೂ ಕರೆತಂದರು. 1727ರಲ್ಲಿ ಬಕ್ಕಿಯ ಮಗ್ಗುಲಿನ ಪೋರ್ಟೆಸ್ಸಿಯಲ್ಲಿ ಫಿಂಡ್‌ಹಾರ್ನ್ ಮೀನುಗಾರರಿಗಾಗಿ ಐದು ಮನೆ ಕಟ್ಟಿಸಿದರು. ಐದೇ ಮನೆಯಿಂದ ಊರು ಶುರುವಾದರೆ ಸರ್‌ನೇಮ್ ಎಷ್ಟಿರಲು ಸಾಧ್ಯ? ಬಕ್ಕಿಯಲ್ಲಿ ಕೌವಿ, ಸ್ಮಿತ್; ಪೋರ್ಟ್‌ನಾಕಿಯಲ್ಲಿ ಮೇರ್, ವುಡ್, ಪೀರಿ, ಸ್ಲೇಟರ್; ಫಿಂಡಾಕ್ಟಿಯಲ್ಲಿ ಫ್ಲೆಟ್; ಗಾರ್ಡನ್ಸ್‌ಟೌನಿನಲ್ಲಿ ವಾಟ್, ವೆಸ್ಟ್, ವೈಸ್‌ಮನ್, ನಿಕಲ್. ನೇರ್ನ್‌ನ ಮೀನುಗಾರ ಕೇರಿಗೆ ಹೋದರೆ ಎದುರಾಗುತ್ತಿದ್ದವರಲ್ಲಿ ಹೆಚ್ಚಿನವರು ಮೇನ್ ಇಲ್ಲವೇ ರಾಲ್ಫ್.

ಮುಂದೆ ಮದುವೆ. ಹೊರಗಿನವರು ಇದನ್ನು ಕಟ್ಟಾ ಜಾತೀಯತೆ ಎಂದು ಬರೆಯುವುದುಂಟು. ನನಗೆ ಅದು ಕೆಲಸದ ಲೆಕ್ಕಾಚಾರವಾಗಿಯೇ ಕಾಣುತ್ತದೆ. ಗಾಳದ ಹಗ್ಗದ ಮೀನುಗಾರಿಕೆಯಲ್ಲಿ ಅರ್ಧ ದುಡಿಮೆ ದಡದ ಮೇಲೆ, ಹೆಂಗಸರ ಕೈಯಲ್ಲಿ ನಡೆಯುತ್ತಿತ್ತು. ಮಳಿ ಚಿಪ್ಪು ಒಡೆದು ಮಾಂಸ ತೆಗೆಯುವುದು, ಒಂದು ಹಗ್ಗದ ನೂರಾರು ಕೊಕ್ಕೆಗೆ ಅದನ್ನು ಚುಚ್ಚುವುದು, ಸಿಕ್ಕಾಗದಂತೆ ಬುಟ್ಟಿಯಲ್ಲಿ ಸುತ್ತಿಡುವುದು, ಬಂದ ಮೀನನ್ನು ಬೆನ್ನಮೇಲೆ ಹೊತ್ತು ಹಳ್ಳಿಹಳ್ಳಿ ಮಾರುವುದು, ದೋಣಿಕಟ್ಟೆ ಇಲ್ಲದ ಕಡೆ ಗಂಡನ ಬೂಟು ನೆನೆಯದಿರಲೆಂದು ಅವನನ್ನೇ ಹೊತ್ತು ದೋಣಿಗೆ ಏರಿಸುವುದು. ಒಕ್ಕಲು ಮನೆಯ ಹುಡುಗಿಗೆ ಇದು ಬರುತ್ತಿರಲಿಲ್ಲ. ಹಾಗಾಗಿ ಮೀನುಗಾರ ಮೀನುಗಾರರ ಮನೆಯಿಂದಲೇ ಹೆಣ್ಣು ತರುತ್ತಿದ್ದ, ಅದೂ ಹೆಚ್ಚಾಗಿ ತನ್ನೂರು ಅಥವಾ ಪಕ್ಕದೂರಿನಿಂದ. ಕೌವಿ ಕೌವಿಯನ್ನೇ ಮದುವೆಯಾಗುವುದು ಅಲ್ಲಿ ಸಾಮಾನ್ಯ.

ಇದರ ಮೇಲೆ ಹೆಸರಿಡುವ ಪದ್ಧತಿ. ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು, ಮೂರನೆಯವನಿಗೆ ಅಪ್ಪನದೇ. ಹಿರಿಮಗಳಿಗೆ ತಾಯಿಯ ತಾಯಿ, ಎರಡನೆಯವಳಿಗೆ ಅಪ್ಪನ ತಾಯಿ. ಒಬ್ಬ ಜಾರ್ಜ್ ಕೌವಿಗೆ ಐದು ಗಂಡುಮಕ್ಕಳಿದ್ದರೆ ಐವರ ಹಿರಿಮಗನೂ ಜಾರ್ಜ್ ಕೌವಿ. ಹತ್ತು–ಹದಿನೈದು ವರ್ಷಗಳ ಅಂತರದಲ್ಲಿ ಐವರೂ ಒಂದೇ ಬೀದಿಯಲ್ಲಿ ಬೆಳೆಯುತ್ತಾರೆ, ಐವರೂ ಮೀನುಗಾರರು, ಇಬ್ಬರ ಹೆಂಡತಿಯ ಹೆಸರು ಮಾರ್ಗರೆಟ್ ಸ್ಮಿತ್. ಎಳೆಗೂಸು ಸತ್ತರೆ ಮುಂದಿನ ಮಗುವಿಗೆ ಅದೇ ಹೆಸರನ್ನು ಮತ್ತೆ ಇಡುತ್ತಿದ್ದರು. ಒಂದೇ ದಂಪತಿಗೆ ಇಬ್ಬರು ಜಾರ್ಜ್‌ಗಳು ಹುಟ್ಟಿದ ದಾಖಲೆ ಸಿಕ್ಕರೆ ಗಾಬರಿಯಾಗದೆ ಮೊದಲನೆಯವನ ಮರಣ ಹುಡುಕಿ.

1842ರಲ್ಲಿ ಎಡಿನ್‌ಬರೋ ಪತ್ರಿಕೆಯೊಂದು ಬಕ್ಕಿಯಲ್ಲಿ 25 ಜಾರ್ಜ್ ಕೌವಿಗಳಿದ್ದಾರೆ ಎಂದು ಬರೆಯಿತು. ಕ್ಯಾರೆಟ್, ಡೂಡಲ್, ನೀಪ್ ಅಂದರೆ ಟರ್ನಿಪ್ ಗಡ್ಡೆ, ಬಿಗ್‌ಲಗ್ಸ್ ಅಂದರೆ ದೊಡ್ಡ ಕಿವಿ, ಬ್ಯೂಟಿ, ಸ್ನಫರ್ಸ್, ಟೂಥಿ, ಬೋ, ಶೇವಿ: ಆ ಕಾಲದ ಬರಹಗಳಲ್ಲಿ ಕಾಣುವ ಟೀ-ನೇಮ್‌ಗಳು ಹೀಗಿವೆ. ಅದೇ ಲೇಖನದಲ್ಲೊಂದು ಪ್ರಸಂಗವಿದೆ. ಪರವೂರಿನವನೊಬ್ಬ ಸ್ಯಾಂಡಿ ವೈಟ್‌ನ ಮನೆ ಯಾವುದು ಎಂದು ಹುಡುಗಿಯೊಬ್ಬಳನ್ನು ಕೇಳುತ್ತಾನೆ. ಯಾವ ಸ್ಯಾಂಡಿ? ದೊಡ್ಡ ಸ್ಯಾಂಡಿ. ಯಾವ ದೊಡ್ಡ ಸ್ಯಾಂಡಿ? ಉದ್ದನೆಯವನು. ಯಾವ ಉದ್ದನೆಯವನು? ಮೆಳ್ಳಗಣ್ಣಿನವನು. ಓ, ‘ಆಕಾಶ ನೋಡುವವ’ನೇ! ಹಾಗಿದ್ದರೆ ಮೊದಲೇ ಅವನ ಸರಿಯಾದ ಹೆಸರು ಹಿಡಿದು ಕೇಳಬಾರದಿತ್ತೇ, ಎಂದು ಅವಳು ರೇಗುತ್ತಾಳೆ. ಊರಿನ ಮಟ್ಟಿಗೆ ಸರಿಯಾದ ಹೆಸರು ಟೀ-ನೇಮ್, ಚರ್ಚಿನ ಪುಸ್ತಕದಲ್ಲಿ ಇದ್ದದ್ದಲ್ಲ.

ನಿಮ್ಮ ಹಿರಿಯರು ಅದನ್ನು ಅಣಕ ಎನ್ನುವುದರಲ್ಲಿ ಸ್ವಲ್ಪ ಸತ್ಯವಿದೆ. ಕೆಲವು ಹೆಸರು ಅಣಕದಿಂದಲೇ ಹುಟ್ಟಿದವು. ಆದರೆ ಬಳಕೆಯಲ್ಲಿ ಅವು ಅಧಿಕೃತಕ್ಕೆ ತೀರ ಹತ್ತಿರ ಬಂದವು. ದಿನಸಿ ಅಂಗಡಿಯವರು ಸಾಲದ ಪುಸ್ತಕದಲ್ಲಿ ಟೀ-ನೇಮ್ ಬರೆಯದೆ ಬಿಡುತ್ತಿರಲಿಲ್ಲ, ಮದುವೆಯಾದವನಾದರೆ ಹೆಂಡತಿಯ ಹೆಸರನ್ನೂ, ಆಗದವನಾದರೆ ತಂದೆ ತಾಯಿಯ ಹೆಸರನ್ನೂ ಸೇರಿಸುತ್ತಿದ್ದರು. ಸಾಲ ವಸೂಲಿಗೆ ಬೇರೆ ದಾರಿ ಇರಲಿಲ್ಲ. ಜನನ–ಮರಣ ದಾಖಲೆಯಲ್ಲಿ ಆವರಣ ಚಿಹ್ನೆಯೊಳಗೆ ಅದು ಬಂದದ್ದೂ ಇದೇ ಕಾರಣಕ್ಕೆ. ರಿಜಿಸ್ಟ್ರಾರ್ ಸ್ಥಳೀಯ, ಅವನಿಗೂ ಗೊಂದಲ ಬೇಡ.

ಇನ್ನೊಂದು ತಪ್ಪು ತಿಳಿವಳಿಕೆ ಅಂತರ್ಜಾಲದಲ್ಲಿ ಓಡಾಡುತ್ತಿದೆ: ಕಡಲಿನಲ್ಲಿ ಸರ್‌ನೇಮ್ ಉಚ್ಚರಿಸುವುದು ಅಪಶಕುನ, ಅದಕ್ಕೇ ಟೀ-ನೇಮ್ ಹುಟ್ಟಿತು ಅಂತ. ಇವು ಎರಡು ಬೇರೆ ವಿಷಯ. ಬಕ್ಕಿಯಲ್ಲಿ ರಾಸ್ ಎಂಬ ಸರ್‌ನೇಮನ್ನು, ಸ್ವಲ್ಪ ಕಡಿಮೆ ಮಟ್ಟಿಗೆ ಕೂಲ್ ಎಂಬುದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಕಿವಿಗೆ ಬಿದ್ದರೆ ಉಗುಳುತ್ತಿದ್ದರು ಎಂದು 19ನೇ ಶತಮಾನದಲ್ಲೇ ದಾಖಲಾಗಿದೆ. ಕೌವಿ, ಸ್ಮಿತ್‌ಗಳಿಗೆ ಅಂಥ ಕಳಂಕ ಇರಲಿಲ್ಲ. ಇದ್ದಿದ್ದರೆ ಊರಿನಲ್ಲಿ ಮಾತೇ ನಡೆಯುತ್ತಿರಲಿಲ್ಲ.

ಈಗ ‘ಬೋ’ ಹೇಗೆ ‘ಶೇವಿ’ ಆದೀತು ನೋಡೋಣ. ನಾಲ್ಕು ದಾರಿ ಹೆಚ್ಚಾಗಿ ಕಾಣುತ್ತವೆ. ಅಳಿಯ ಮಾವನ ದೋಣಿಗೆ ಸೇರಿದರೆ ಮಾವನ ಮನೆಯ ಟೀ-ನೇಮ್ ಅವನಿಗೆ ಅಂಟುತ್ತದೆ. ವಿಧವೆ ಮಕ್ಕಳೊಂದಿಗೆ ತವರಿಗೆ ಬಂದರೆ, ಅಥವಾ ಮದುವೆಯ ಹೊರಗೆ ಹುಟ್ಟಿದ ಮಗು ಅಜ್ಜಿ ಮನೆಯಲ್ಲಿ ಬೆಳೆದರೆ, ತಾಯಿಯ ಅಪ್ಪನ ಗುರುತು ಮಗುವಿಗೆ ಬರುತ್ತದೆ. ಬೇರೆ ಮನೆ ಹೂಡಿದ ತಮ್ಮನಿಗೆ ಹೊಸ ಹೆಸರು ಬೀಳುತ್ತದೆ. ದೋಣಿಯ ಹೆಸರೇ ಮನುಷ್ಯನ ಹೆಸರಾಗುವುದೂ ಉಂಟು. ಹಾಗಾದಾಗ ದೋಣಿ ಮಾರಿ ಹೊಸದು ತಂದ ಮೇಲೆ ಗುರುತೂ ಬದಲಾಗಬಹುದು. ಆದ್ದರಿಂದ ನಿಮ್ಮ ಎರಡು ದಾಖಲೆಗಳು ಒಬ್ಬನದೇ ಇರಬಹುದು, ಇಬ್ಬರದೂ ಇರಬಹುದು. ಟೀ-ನೇಮ್ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ.

ತೀರ್ಮಾನಿಸುವುದು ಹೆಂಗಸರ ತವರು ಸರ್‌ನೇಮ್. ಸ್ಕಾಟಿಷ್ ದಾಖಲೆಯ ದೊಡ್ಡ ಉಪಕಾರ ಅದು. 1855ರ ಜನವರಿ 1ರಿಂದ ನೋಂದಣಿ ಕಡ್ಡಾಯವಾದಾಗಿನಿಂದ ಮದುವೆ ದಾಖಲೆಯಲ್ಲಿ ಗಂಡು–ಹೆಣ್ಣು ಇಬ್ಬರ ತಂದೆ ತಾಯಿಯ ಹೆಸರೂ ತಾಯಿಯ ತವರು ಸರ್‌ನೇಮೂ ಇರುತ್ತವೆ. ಮರಣ ದಾಖಲೆಯಲ್ಲೂ ಸತ್ತವರ ತಂದೆ ತಾಯಿಯನ್ನು ಹಾಗೆಯೇ ಬರೆಯುತ್ತಾರೆ. ನೀವು ಎರಡು ದಾಖಲೆಯಲ್ಲೂ ಆವರಣದೊಳಗಿನ ಪದವನ್ನು ಓದಿ, ಪಕ್ಕದ ಕಾಲಂ ಬಿಟ್ಟಂತಿದೆ. 1884ರಲ್ಲಿ ವರನ ತಾಯಿ ಯಾರು, 1920ರಲ್ಲಿ ಸತ್ತವನ ತಾಯಿ ಯಾರು, ಅವನ ಹೆಂಡತಿ ಯಾರು, ಈ ಮೂರನ್ನು ಅಕ್ಕಪಕ್ಕ ಇಟ್ಟು ನೋಡಿ. ತಾಯಿಯ ಪೂರ್ಣ ಹೆಸರೂ ಹೆಂಡತಿಯ ಪೂರ್ಣ ಹೆಸರೂ ಎರಡೂ ಕಡೆ ಕೂಡಿದರೆ ಒಬ್ಬನೇ ಎನ್ನಲು ಅಡ್ಡಿಯಿಲ್ಲ. ಒಂದು ಮಾತ್ರ ಕೂಡಿದರೆ ಸಾಲದು. ಮಾರ್ಗರೆಟ್ ಸ್ಮಿತ್‌ಗಳು ಎಷ್ಟಿದ್ದರು ಎನ್ನುವುದನ್ನು ಮರೆಯಬೇಡಿ.

ಮರಣ ದಾಖಲೆಯಲ್ಲಿ ಮಾಹಿತಿದಾರರ ಕಾಲಮ್ಮನ್ನೂ ಓದಿ: ಮಾಹಿತಿ ಕೊಟ್ಟವರು ಯಾರು? ಜೊತೆಗಿದ್ದ ಮಗನೋ ಹೆಂಡತಿಯೋ ಆದರೆ ‘ಶೇವಿ’ಗೆ ತೂಕವಿದೆ. ನೆರೆಯವರೋ ಅಳಿಯನೋ ಆದರೆ ತಂದೆ ತಾಯಿಯ ಹೆಸರೇ ತಪ್ಪಿರಬಹುದು. ಟೀ-ನೇಮ್ ಇಲ್ಲದಿರುವುದಕ್ಕೆ ಮಾತ್ರ ಯಾವ ಅರ್ಥವೂ ಇಲ್ಲ. ಹೆರಿಂಗ್ ಮೀನಿನ ಹಿಂದೆ ಇಂಗ್ಲೆಂಡಿನ ಗ್ರೇಟ್ ಯಾರ್‌ಮತ್‌ಗೆ ಹೋದವನು ಅಲ್ಲಿ ಸತ್ತರೆ ಅಲ್ಲಿನ ಗುಮಾಸ್ತನಿಗೆ ಟೀ-ನೇಮ್ ಏನೆಂದೇ ತಿಳಿಯದು; ಆ ಮರಣವನ್ನು ಇಂಗ್ಲೆಂಡಿನ ನೋಂದಣಿಯಲ್ಲೇ ಹುಡುಕಬೇಕು, ಅದರಲ್ಲಿ ತಂದೆ ತಾಯಿಯ ಹೆಸರೂ ಸಿಗುವುದಿಲ್ಲ.

ಹುಡುಕುವ ಜಾಗ ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣ, ಅಲ್ಲಿನ ರಾಷ್ಟ್ರೀಯ ದಾಖಲೆ ಸಂಸ್ಥೆಯದು. ಜನನ ದಾಖಲೆಯ ಚಿತ್ರ 100 ವರ್ಷ, ಮದುವೆಯದು 75, ಮರಣದ್ದು 50 ವರ್ಷ ಕಳೆದ ಮೇಲೆ ಮನೆಯಲ್ಲೇ ಕೂತು ನೋಡಲು ಸಿಗುತ್ತದೆ. ಚಿತ್ರಕ್ಕೆ ಹಣ ಕೊಡಬೇಕು, ಆದ್ದರಿಂದ ಕಂಡಕಂಡ ಜಾರ್ಜ್‌ನನ್ನೆಲ್ಲ ತೆರೆಯಬೇಡಿ. ಮೊದಲು ಒಂದು ಪಟ್ಟಿ ಮಾಡಿ: ಒಂದು ಜನಗಣತಿ ಹಿಡಿದು, ನಿಮಗೆ 1881 ಅನುಕೂಲ, ಬಕ್ಕಿಯಲ್ಲಿ ವಯಸ್ಸು ಹೊಂದುವ ಜಾರ್ಜ್ ಕೌವಿಗಳನ್ನೆಲ್ಲ ಸಾಲಾಗಿ ಬರೆಯಿರಿ. ಎದುರಿಗೆ ವಯಸ್ಸು, ಬೀದಿ, ಮನೆಯಲ್ಲಿರುವ ತಂದೆ ತಾಯಿ ಅಥವಾ ಹೆಂಡತಿ, ಟೀ-ನೇಮ್ ಇದ್ದರೆ ಅದು. ಆಮೇಲೆ 1891ರಲ್ಲಿ ಅದೇ ಜನ ಎಲ್ಲಿದ್ದಾರೆ ನೋಡಿ, ಮರಣಗಳನ್ನು ಹೊಂದಿಸಿ ಒಬ್ಬೊಬ್ಬರನ್ನೇ ಹೊಡೆದುಹಾಕಿ. ನಮ್ಮವನನ್ನು ಹುಡುಕುವುದಕ್ಕಿಂತ ನಮ್ಮವನಲ್ಲದವರನ್ನು ತೆಗೆದುಹಾಕುವುದು ಇಲ್ಲಿ ಬೇಗ ಆಗುವ ಕೆಲಸ. ಟೀ-ನೇಮ್ ತನ್ನ ನಿಜವಾದ ಕೆಲಸ ಮಾಡುವುದು ಈ ಪಟ್ಟಿಯಲ್ಲೇ: ಒಂದೇ ಗಣತಿಯಲ್ಲಿ ಒಬ್ಬ ‘ಬೋ’, ಇನ್ನೊಬ್ಬ ‘ಶೇವಿ’ ಎಂದು ಬೇರೆ ಬೇರೆ ಮನೆಯಲ್ಲಿ ಸಿಕ್ಕರೆ ನಿಮ್ಮ ಮೊದಲ ಪ್ರಶ್ನೆ ಬಹುಪಾಲು ಬಗೆಹರಿದ ಹಾಗೆ.

ಎಡವುವ ಜಾಗಗಳು ಕೆಲವು. ಸೂಚಿ ತಯಾರಿಸಿದವರು ಟೀ-ನೇಮನ್ನು ಸರ್‌ನೇಮ್ ಎಂದೋ ನಡುವಿನ ಹೆಸರೆಂದೋ ಓದಿರಬಹುದು. ಸರ್‌ನೇಮಿನ ಮೊದಲ ಮೂರ್ನಾಲ್ಕು ಅಕ್ಷರದ ನಂತರ ನಕ್ಷತ್ರ ಚಿಹ್ನೆ ಹಾಕಿ ಒಮ್ಮೆ, ಟೀ-ನೇಮನ್ನೇ ಸರ್‌ನೇಮ್ ಜಾಗದಲ್ಲಿ ಹಾಕಿ ಒಮ್ಮೆ ಹುಡುಕಿ. 1841ರ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇತ್ತು, 34 ಇದ್ದವನು 30 ಆಗಿರುತ್ತಾನೆ. ಗಣತಿಯ ರಾತ್ರಿ ಗಂಡಸರು ಕಡಲಲ್ಲಿದ್ದರೆ ಮನೆಯ ಹಾಳೆಯಲ್ಲಿ ಸಿಗುವುದಿಲ್ಲ, ಹಡಗಿನ ಹಾಳೆಯಲ್ಲೋ ಬೇರೆ ಬಂದರಿನಲ್ಲೋ ಇರುತ್ತಾರೆ. 1921ರ ಗಣತಿ ಮುಂದೆ ಹೋಗಿ ಜೂನ್ 19ಕ್ಕೆ ನಡೆಯಿತು, ಅದು ಹೆರಿಂಗ್ ಕಾಲ. ಮನೆಯ ಹಾಳೆಯಲ್ಲಿ ಹೆಸರಿಲ್ಲದವರನ್ನೆಲ್ಲ ಸತ್ತವರೆಂದು ಹೊಡೆದುಹಾಕಬೇಡಿ.

1855ಕ್ಕಿಂತ ಹಿಂದೆ ಹೋಗಬೇಕಾದಾಗ ‘ಬಕ್ಕಿ’ ಎಂದು ಹುಡುಕಿದರೆ ಹೆಚ್ಚೇನೂ ಸಿಗದು. ಬಕ್ಕಿ, ಪೋರ್ಟೆಸ್ಸಿ, ಫಿಂಡಾಕ್ಟಿ, ಪೋರ್ಟ್‌ನಾಕಿ ಎಲ್ಲ ರಾಥ್‌ವೆನ್ ಪ್ಯಾರಿಷ್‌ಗೆ, ಅಂದರೆ ಒಂದೇ ಚರ್ಚಿನ ವ್ಯಾಪ್ತಿಗೆ, ಸೇರಿದ್ದವು, ಹಳೆಯ ಚರ್ಚ್ ಪುಸ್ತಕ ಆ ಹೆಸರಿನಲ್ಲಿದೆ. 1843ರಲ್ಲಿ ಚರ್ಚ್ ಒಡೆದು ಫ್ರೀ ಚರ್ಚ್ ಹುಟ್ಟಿತು. ಅದಕ್ಕೆ ಹೋದವರ ಮಕ್ಕಳ ದೀಕ್ಷಾಸ್ನಾನ ಹಳೆಯ ಪುಸ್ತಕದಲ್ಲಿ ಇರಲಿಕ್ಕಿಲ್ಲ. ಆ ಸುತ್ತಿನಲ್ಲಿ ಕ್ಯಾಥೊಲಿಕರೂ ಸಾಕಷ್ಟಿದ್ದರು, ಅವರ ಪುಸ್ತಕ ಬೇರೆ, ಅದೂ ಇದೇ ತಾಣದಲ್ಲಿದೆ. ನಿಮ್ಮ ಜಾರ್ಜ್‌ನ ಅಕ್ಕನೋ ಅಣ್ಣನೋ 1855ರಲ್ಲೇ ಹುಟ್ಟಿದ್ದರೆ ಆ ಒಂದು ದಾಖಲೆಗೆ ದುಡ್ಡು ಕೊಡಲು ಹಿಂದೆಮುಂದೆ ನೋಡಬೇಡಿ. ಆ ವರ್ಷ ಮಾತ್ರ ತಂದೆ ತಾಯಿಯ ವಯಸ್ಸು, ಹುಟ್ಟೂರು, ಮದುವೆಯ ದಿನ ಮತ್ತು ಜಾಗ, ಮೊದಲಿನ ಮಕ್ಕಳ ಲೆಕ್ಕ ಎಲ್ಲ ಕೇಳಿದ್ದರು. 1856ರಿಂದ ಕಾಲಂಗಳು ಕಡಿಮೆಯಾದವು. ತಂದೆ ತಾಯಿಯ ಮದುವೆಯ ವಿವರ ಜನನ ದಾಖಲೆಗೆ ಮರಳಿದ್ದು 1861ರಲ್ಲಿ.

ನೀವು ಅಬರ್ಡೀನ್‌ನಲ್ಲೇ ಇರುವುದರಿಂದ ಅಲ್ಲಿನ ಈಶಾನ್ಯ ಸ್ಕಾಟ್ಲೆಂಡ್ ಕುಟುಂಬ ಇತಿಹಾಸ ಸಂಘಕ್ಕೆ ಹೋಗಿ, ಅವರು ಸಮಾಧಿಕಲ್ಲಿನ ಬರಹಗಳ ಪುಸ್ತಿಕೆ ಪ್ರಕಟಿಸುತ್ತಾರೆ. ಎಲ್ಗಿನ್‌ನಲ್ಲಿ ಮೋರೆ ಕೌನ್ಸಿಲಿನ ಲಿಬಿಂಡೆಕ್ಸ್ ಎಂಬ ಸ್ಥಳೀಯ ಸೂಚಿ ಇದೆ. ಬಕ್ಕಿಯಲ್ಲೇ ಮೀನುಗಾರಿಕೆ ಪರಂಪರೆ ಕೇಂದ್ರವಿದೆ. ಯಾವ ಟೀ-ನೇಮ್ ಯಾವ ದೋಣಿಗೆ ಸೇರಿದ್ದೆಂಬ ಪ್ರಶ್ನೆ ಇಟ್ಟುಕೊಂಡು ಹೋಗುವುದಾದರೆ ಅಲ್ಲಿಗೆ.

ಡಿಎನ್‌ಎ ಪರೀಕ್ಷೆ ಮಾಡಿಸಲೇ ಎಂದು ಮುಂದೆ ಕೇಳಬಹುದು. ಮಾಡಿಸಬಹುದು, ಆದರೆ ಈ ಊರುಗಳ ವಿಷಯದಲ್ಲಿ ಫಲಿತಾಂಶವನ್ನು ಇದ್ದ ಹಾಗೆ ನಂಬಬೇಡಿ. ತಲೆಮಾರುಗಳ ಕಾಲ ಒಳಗೊಳಗೇ ಮದುವೆಯಾದ್ದರಿಂದ ಇಬ್ಬರು ನಾಲ್ಕೈದು ದಾರಿಯಲ್ಲಿ ನೆಂಟರಾಗಿರುತ್ತಾರೆ, ಪರೀಕ್ಷೆ ನಾಲ್ಕನೇ ತಲೆಮಾರಿನ ನೆಂಟನನ್ನು ಎರಡನೇ ತಲೆಮಾರಿನವನಂತೆ ತೋರಿಸಬಹುದು. ಗಂಡುಸಂತತಿಯ ವೈ-ಡಿಎನ್‌ಎ ಕೂಡ ಇಲ್ಲಿ ಕೈಕೊಡಬಹುದು: ‘ಬೋ’ ಕೌವಿ, ‘ಶೇವಿ’ ಕೌವಿ ಇಬ್ಬರೂ ಒಬ್ಬನೇ ಮೂಲಪುರುಷನಿಂದ ಬಂದಿದ್ದರೆ ಎರಡೂ ಒಂದೇ ಎನ್ನುತ್ತದೆ. ನಿಮಗೆ ಬೇಕಾದದ್ದು ಇವರಿಬ್ಬರಲ್ಲಿ ಯಾರು ಎಂಬುದು.

ವಂಶವೃಕ್ಷದ ತಂತ್ರಾಂಶದಲ್ಲಿ ಟೀ-ನೇಮನ್ನು ಎಲ್ಲಿಡಬೇಕು? ನಡುವಿನ ಹೆಸರಿನ ಜಾಗದಲ್ಲಿ ಖಂಡಿತ ಬೇಡ. ಮುಂದೆ ನೋಡಿದವರು ನಾಮಕರಣದ ಹೆಸರೆಂದೇ ತಿಳಿಯುತ್ತಾರೆ. ಸರ್‌ನೇಮಿಗೆ ಅಂಟಿಸಿದರೆ ಹುಡುಕಾಟ ಕೆಡುತ್ತದೆ. ಅಡ್ಡಹೆಸರಿನ ಪ್ರತ್ಯೇಕ ಜಾಗ ಸರಿ, ಆದರೆ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಅದು ಕಳೆದುಹೋಗುವುದುಂಟು. ನಾನು ಸಲಹೆ ಮಾಡುವುದು, ಪ್ರತ್ಯೇಕ ಘಟನೆಯಾಗಿ ವರ್ಷ ಮತ್ತು ದಾಖಲೆ ಸಮೇತ ನಮೂದಿಸುವುದು: 1884, ಮದುವೆ ದಾಖಲೆ, ‘ಬೋ’. 1920, ಮರಣ ದಾಖಲೆ, ‘ಶೇವಿ’. ಆ ಇನ್ನೊಬ್ಬರ ವಂಶವೃಕ್ಷವನ್ನು ನಿಮ್ಮದಕ್ಕೆ ಬೆಸೆಯುವ ಗುಂಡಿ ಒತ್ತಬೇಡಿ. ಒಮ್ಮೆ ಬೆಸೆದರೆ ನೂರಾರು ಹೆಸರು ಒಳಗೆ ಬರುತ್ತವೆ, ಬಿಡಿಸಲು ತಿಂಗಳು ಹಿಡಿಯುತ್ತದೆ.

ಕೊನೆಗೆ ನಿಮ್ಮ ಹೆಂಡತಿಯ ಆಸೆ. ಸಮಾಧಿಕಲ್ಲಿಗೆ ಅಕ್ಷರ ಸೇರಿಸಲು ಆ ಜಾಗದ ಹಕ್ಕುಪತ್ರ ಯಾರ ಹೆಸರಿನಲ್ಲಿದೆಯೋ ಅವರ ಒಪ್ಪಿಗೆ ಬೇಕು, ಸ್ಮಶಾನ ನೋಡಿಕೊಳ್ಳುವ ಕೌನ್ಸಿಲಿನ ಅನುಮತಿಯೂ ಬೇಕು. ಮುತ್ತಜ್ಜನ ಕಾಲದ ಹಕ್ಕು ಈಗ ದೂರದ ದಾಯಾದಿಯ ಕೈಯಲ್ಲಿರಬಹುದು. ಕಲ್ಲಿನಲ್ಲಿ ತಪ್ಪಾದರೆ ತಿದ್ದುವುದು ಕಷ್ಟ, ಆದ್ದರಿಂದ ಎರಡು ದಾಖಲೆಗಳ ಗಂಟು ಬಿಡಿಸುವ ತನಕ ಅದನ್ನು ಮುಟ್ಟಬೇಡಿ. ಮಗುವಿನ ಹೆಸರಿಗೆ ಕಾನೂನಿನ ಅಡ್ಡಿ ಇಲ್ಲ. ಸ್ಕಾಟ್ಲೆಂಡಿನಲ್ಲಿ ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಡುವಿನ ಹೆಸರು ನಿಮ್ಮಿಷ್ಟ. ಆದರೆ ಬಕ್ಕಿಯಲ್ಲಿ ಆ ಟೀ-ನೇಮಿನಿಂದ ಗುರುತಿಸಿಕೊಳ್ಳುವ ಮನೆಗಳು ಇಂದಿಗೂ ಇರಬಹುದು. ಅಳಿಯನ ಮೂಲಕ ಬಂದ ‘ಶೇವಿ’ಯನ್ನು ನೀವು ಮಗುವಿಗಿಟ್ಟರೆ ಅವರಿಗೆ ಅದು ಬೇರೆಯವರ ಮನೆಯ ಹೆಸರು ತೆಗೆದುಕೊಂಡಂತೆ ಕಂಡೀತು. ಅಣಕದ ಹೆಸರೆಂದ ಹಿರಿಯರನ್ನೇ ಹತ್ತಿರ ಕೂರಿಸಿಕೊಂಡು, ಆ ಹೆಸರನ್ನು ಯಾರು ಯಾರಿಗೆ ಕರೆಯುತ್ತಿದ್ದರು, ಎದುರಿಗೆ ಕರೆಯುತ್ತಿದ್ದರೋ ಹಿಂದಿನಿಂದಲೋ, ಯಾವ ದೋಣಿಯವರು ಎಂದು ಕೇಳಿ. ಬೇಡ ಎನ್ನುವುದಕ್ಕೆ ಅವರ ಬಳಿ ಕಾರಣ ಇದ್ದೇ ಇರುತ್ತದೆ, ಆ ಕಾರಣದಲ್ಲೇ ನಿಮ್ಮ ಪಟ್ಟಿಯಿಂದ ಇನ್ನೊಬ್ಬ ಜಾರ್ಜ್‌ನನ್ನು ಹೊಡೆದುಹಾಕುವಷ್ಟು ವಿವರ ಸಿಕ್ಕರೂ ಸಿಗಬಹುದು.